‘ನಾನೇ ಬಿಟ್ಟೆ’ ಅನ್ನಬೇಡಿ

ನಮ್ಮೂರಲ್ಲಿ ಇದುವರೆಗೆ ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಯಾರನ್ನು ಬೇಕಾದರೂ ಕೇಳಿ ನೋಡಿ, ಎಲ್ಲರೂ ತಾವಾಗಿಯೇ ಬಿಟ್ಟವರು! ಕಲ್ಲಿದ್ದಲ ಗಣಿ ಮುಚ್ಚಿತು, ಹೊಲಿಗೆ ಕಾರ್ಖಾನೆ ಮುಚ್ಚಿತು. ಉಳಿದ ಒಂದೆರಡು ಕಡೆ ಕತ್ತು ಹಿಡಿದು ದಬ್ಬಿದರೂ ಪೆನ್ಸಿಲ್ವೇನಿಯಾದ ಈ ಬೆಟ್ಟದ ಸಾಲಿನ ಜನ ಹೇಳುವುದು ಒಂದೇ ಮಾತು: “ಸಾಕಾಯ್ತು, ನಾನೇ ಬಿಟ್ಟೆ.”

ಲೊರೇನ್ ಹುಡಾಕ್ ಕೂಡ ಅದನ್ನೇ ಹೇಳಿದಳು.

ಅದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಗುರುವಾರ. ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರೆಲ್ಲ ಉದ್ದನೆಯ ಮೇಜಿನ ಸುತ್ತ ಕೂತು ಶುಕ್ರವಾರದ ಮಾರಾಟಕ್ಕೆ ಪಿರೋಗಿ ಕಡುಬು ಮಾಡುತ್ತಿದ್ದೆವು. ಒಬ್ಬರು ಹಿಟ್ಟು ಲಟ್ಟಿಸುವುದು, ಒಬ್ಬರು ಆಲೂಗಡ್ಡೆ ಹೂರಣ ಇಡುವುದು, ಉಳಿದವರು ಮಡಚಿ ಅಂಚು ಒತ್ತುವುದು. ಆ ಹೊತ್ತಿನಲ್ಲಿ ಪ್ರೆಟ್ಜೆಲ್ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಇರಬೇಕಾದ ಲೊರೇನ್ ಏಪ್ರನ್ ಕಟ್ಟಿಕೊಂಡು ಬಂದು ಕೂತಳು.

“ಏನೇ, ಇವತ್ತು ರಜೆನಾ?”

“ಇಲ್ಲ. ಕೆಲಸ ಬಿಟ್ಟೆ. ಸಾಕಾಯ್ತು.”

“ಒಳ್ಳೇದಾಯ್ತು ಬಿಡು,” ಅಂದೆವು ಎಲ್ಲರೂ. ಬರ್ನಡೀನ್ ಮಾತ್ರ ಅನ್ನಲಿಲ್ಲ. ಅವಳು ಹೊಲಿಗೆ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಮುಂದಾಳಾಗಿದ್ದವಳು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಯಂತ್ರಗಳ ಗದ್ದಲವನ್ನೂ ಮೀರಿ ಕೇಳುತ್ತಿದ್ದ ದನಿ ಮಾತ್ರ ಹಾಗೆಯೇ ಇದೆ.

“ತಾನೇ ಬಿಟ್ಟು ಬಂದವಳ ಮುಖ ಹೀಗಿರಲ್ಲ ಕಣೇ. ನಿಜ ಹೇಳು.”

ಲೊರೇನಳ ಕೈಯಲ್ಲಿದ್ದ ಪಿರೋಗಿ ಅಪ್ಪಚ್ಚಿಯಾಯಿತು. ಆಮೇಲೆ ಒಂದೊಂದೇ ಮಾತು ಹೊರಬಂತು. ಎಷ್ಟೋ ವರ್ಷ ಅವಳು ಕೈಯಲ್ಲಿ ಹಿಟ್ಟು ಹೊಸೆದು ಪ್ರೆಟ್ಜೆಲ್ ಗಂಟು ಹಾಕುತ್ತಿದ್ದವಳು. ಗಂಟು ಹಾಕುವುದಕ್ಕೆ ಯಂತ್ರ ತಂದ ಮೇಲೆ ಅವಳನ್ನು ಪೊಟ್ಟಣ ಕಟ್ಟುವ ಕಡೆ ನಿಲ್ಲಿಸಿದರು. ಅಲ್ಲಿ ಪೊಟ್ಟಣಗಳು ಆಲಿಕಲ್ಲಿನಂತೆ ಬಂದು ಬೀಳುತ್ತವೆ. ಅವಳಿಗೆ ಆ ವೇಗ ಹಿಡಿಯಲಾಗಲಿಲ್ಲ. ದಿನವೂ ಬೇಗ ಹೋದಳು. ಮನೆಯ ಮೇಜಿನ ಮೇಲೆ ಖಾಲಿ ಚಿಪ್ಸ್ ಪೊಟ್ಟಣ ಜೋಡಿಸಿಕೊಂಡು ಅಭ್ಯಾಸ ಮಾಡಿದಳು. ಆದರೂ ಆಗಲಿಲ್ಲ. ಎಚ್ಚರಿಕೆ ಕೊಟ್ಟರು, ಮತ್ತೆ ಕೊಟ್ಟರು, ಕೊನೆಗೆ ಮ್ಯಾನೇಜರ್ ಟ್ರೆವರ್ ಒಳಗೆ ಕರೆದು, “ಕೆಲಸ ಚೆನ್ನಾಗಿಲ್ಲ, ನಾಳೆಯಿಂದ ಬೇಡ,” ಎಂದು ಗೇಟಿನ ಕಾರ್ಡನ್ನು ಕಿತ್ತುಕೊಂಡ.

“ಆದ್ರೂ ಒಳ್ಳೆಯವನು,” ಅಂದಳು ಲೊರೇನ್. “‘ತೆಗೆದ್ರು ಅಂದ್ರೆ ನಿಮಗೇ ಅವಮಾನ, ನಾನೇ ಬಿಟ್ಟೆ ಅಂತ ಹೇಳ್ಕೊಳ್ಳಿ, ನಾವೂ ಹಾಗೇ ಅಂತೀವಿ. ನಾವೆಲ್ಲ ಒಂದೇ ಕುಟುಂಬ ಅಲ್ವಾ,’ ಅಂದ. ನಿರುದ್ಯೋಗ ಭತ್ಯೆಗೆ ಅಲೀಬೇಡಿ, ಕೆಲಸ ಬಾರದವರಿಗೆ ಅದು ಸಿಗಲ್ಲ ಅಂತಾನೂ ಹೇಳಿದ.”

ಬರ್ನಡೀನ್ ಹಿಟ್ಟಿನ ಮುದ್ದೆಯನ್ನು ಎತ್ತಿ ಮೇಜಿಗೆ ಅಪ್ಪಳಿಸಿದಳು. ನಮ್ಮ ಮುಖಕ್ಕೆಲ್ಲ ಹಿಟ್ಟು ಹಾರಿತು.

“ಕುಟುಂಬವಂತೆ ಕುಟುಂಬ! ಯಾವ ಕುಟುಂಬದಲ್ಲೇ ಮನೆ ಹೆಂಗಸಿನ ಕೈಯಿಂದ ಬೀಗದ ಕೈ ಕಿತ್ಕೊಂಡು ಹೊರಗೆ ಹಾಕ್ತಾರೆ?”

“ತಪ್ಪು ನಂದೇ ಅಲ್ವಾ? ನಾನೇ ನಿಧಾನ.”

“ನಿಧಾನ ಆಗೋದು ಅಪರಾಧನಾ? ಕದ್ಯಾ? ಕುಡಿದು ಹೋದ್ಯಾ? ಹೇಳದೆ ಕೇಳದೆ ಮನೇಲಿ ಕೂತ್ಯಾ? ಬೇಕಂತ ಕೆಲಸ ಕೆಡಿಸಿದ್ಯಾ?”

“ಅಯ್ಯೋ, ಇಲ್ಲಪ್ಪ!”

“ಹಾಗಾದ್ರೆ ಭತ್ಯೆ ನಿಂಗೆ ಸಿಗ್ಬೇಕು. ಬೇಕುಬೇಕಂತ ತಪ್ಪು ಮಾಡಿದವರಿಗೆ ಸಿಗಲ್ಲ. ಕೈಲಾದಷ್ಟು ಮಾಡಿಯೂ ಆಗದೆ ಹೋದವರಿಗೆ ಸಿಗುತ್ತೆ. ಆದ್ರೆ ತಾವೇ ಬಿಟ್ಟವರಿಗೆ ಸಿಗೋದು ಬಲು ಕಷ್ಟ. ಈಗ ಗೊತ್ತಾಯ್ತಾ, ಆ ಮಹಾನುಭಾವ ನಿಂಗೆ ಯಾಕೆ ಆ ಪಾಠ ಹೇಳ್ಕೊಟ್ಟ ಅಂತ? ನಿಂಗೆ ಭತ್ಯೆ ಸಿಕ್ಕಿದ್ರೆ ಆ ಭತ್ಯೆ ನಿಧಿಗೆ ಕಂಪನಿ ಕಟ್ಟೋ ಕಂತು ಏರಬಹುದು. ಅದಕ್ಕೇ ನಿನ್ನ ಬಾಯಲ್ಲೇ ನಿನ್ನ ಬಾಗಿಲು ಮುಚ್ಚಿಸಿದ!”

ಆಗಲೇ ಲೊರೇನಳ ಗಂಡ ಕ್ಲೆಮ್ ಆಲೂಗಡ್ಡೆ ಚೀಲ ಹೊತ್ತು ಮೆಟ್ಟಿಲಿಳಿದು ಬಂದ. ಕೊನೆಯ ಮಾತು ಅವನ ಕಿವಿಗೆ ಬಿದ್ದಿತ್ತು.

“ನಮ್ಮನೇಲಿ ಯಾರೂ ಸರ್ಕಾರದ ಭಿಕ್ಷೆ ತಿಂದವರಲ್ಲ, ಬರ್ನಡೀನ್.”

“ಹೌದಾ ದೊರೆ? ನಿಮ್ಮಪ್ಪ ಗಣಿ ಧೂಳು ಕುಡಿದು ಶ್ವಾಸಕೋಶ ಕಪ್ಪಾಗಿ ಮಲಗಿದಾಗ ತಿಂಗಳು ತಿಂಗಳು ಬರ್ತಿದ್ದ ಪರಿಹಾರ? ಅದೂ ಭಿಕ್ಷೆನಾ?”

“ಅದು... ಅದು ಅವರು ದುಡಿದದ್ದು.”

“ಇದೂ ಅಷ್ಟೇ ಕಣಯ್ಯ! ಕಂಪನಿ ಕಟ್ಟಿದ್ದು ಇವಳ ದುಡಿಮೆ ಮೇಲೆ. ಇವಳ ಸಂಬಳದಿಂದಲೂ ಚೂರು ಹಿಡಿದಿದ್ದಾರೆ. ಮನೆಗೆ ವಿಮೆ ಕಟ್ಟಿ, ಬೆಂಕಿ ಬಿದ್ದಾಗ ಕೇಳೋಕೆ ನಾಚ್ಕೋತಾರಾ?”

ಆಗ ಲೊರೇನ್ ಗಂಡನಿಗೆ ತಗ್ಗಿದ ದನಿಯಲ್ಲಿ ಹೇಳಿದಳು: “ನೀನು ಎದೆನೋವಿನ ಮಾತ್ರೆ ಉಳಿಸೋಕೆ ದಿನ ಬಿಟ್ಟು ದಿನ ನುಂಗ್ತಿರೋದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

ಕ್ಲೆಮ್ ಚೀಲ ಕೆಳಗಿಟ್ಟು, ಚಾಕು ತೆಗೆದುಕೊಂಡು ಆಲೂಗಡ್ಡೆ ಸುಲಿಯುತ್ತ ಕೂತ.

ಅಂದೇ ಅರ್ಜಿ ಹಾಕಿಸಿದಳು ಬರ್ನಡೀನ್. ‘ವೇಗ ಸಾಲದೆಂದು ತೆಗೆದರು, ನಾನು ಕೈಲಾದಷ್ಟು ಮಾಡಿದೆ’ ಎಂದು ಇದ್ದದ್ದನ್ನು ಇದ್ದಂತೆ ಬರೆಸಿದಳು. ಆದರೆ ಕಂಪನಿ ಏನು ಹೇಳಿತು ಗೊತ್ತೆ? ‘ಅವರೇ ಬಿಟ್ಟು ಹೋದರು’ ಅಂದಿತು. ಅರ್ಜಿ ತಿರಸ್ಕಾರವಾಯಿತು.

“ನಾನು ಹೇಳಲಿಲ್ವಾ?” ಅಂದ ಕ್ಲೆಮ್. “ದೊಡ್ಡೋರ ಜೊತೆ ಗುದ್ದಾಡೋಕೆ ಆಗುತ್ತಾ?”

“ಮೊದಲ ಸಲ ಇಲ್ಲ ಅಂದ್ರೆ ಇಲ್ಲ ಅಂತಲ್ಲ,” ಅಂದಳು ಬರ್ನಡೀನ್. “ ಗಡುವಿನೊಳಗೆ ಮೇಲ್ಮನವಿ ಹಾಕ್ತೀವಿ. ನೀನು ವಾರ ವಾರ ಭತ್ಯೆ ಕಚೇರಿಗೆ ಕಳಿಸೋ ಬೇಡಿಕೆ ತಪ್ಪಿಸ್ಬೇಡ ಲೊರೇನ್, ಗೆದ್ದಾಗ ಆ ವಾರಗಳದ್ದೂ ಬರುತ್ತೆ. ಕೆಲಸ ಹುಡುಕೋದನ್ನೂ ನಿಲ್ಲಿಸ್ಬೇಡ.”

ಮೇಲ್ಮನವಿಯ ವಿಚಾರಣೆ ನಡೆದದ್ದು ಫೋನಿನಲ್ಲಿ, ಲೊರೇನಳ ಅಡುಗೆಮನೆಯಲ್ಲಿ. ಅಲ್ಲಿ ನಡೆದದ್ದನ್ನು ಬರ್ನಡೀನ್ ಎಷ್ಟು ಸಲ ಹೇಳಿದ್ದಾಳೆಂದರೆ ಈಗ ನಮಗೆಲ್ಲ ಬಾಯಿಪಾಠ.

ಟ್ರೆವರ್ ಜೋರಾಗಿಯೇ ಶುರುಮಾಡಿದ. “ಮೇಡಂ, ತಾನೇ ಬಿಟ್ಟೆ ಅಂತ ಈಕೆ ಇಡೀ ಚರ್ಚಿಗೆ ಹೇಳಿಕೊಂಡು ಬಂದಿದ್ದಾರೆ. ಯಾರನ್ನು ಬೇಕಾದ್ರೂ ಕೇಳಿ.”

“ಹಾಗೆ ಹೇಳಿದಿರಾ?” ಎಂದು ವಿಚಾರಣಾಧಿಕಾರಿ ಲೊರೇನಳನ್ನು ಕೇಳಿದರು.

ಕ್ಲೆಮ್ ಅವಳ ಭುಜದ ಮೇಲೆ ಕೈಯಿಟ್ಟ. “ಹೇಳಿದೆ ಮೇಡಂ. ಸುಳ್ಳು ಹೇಳಿದೆ. ನಾಚಿಕೆಯಾಗಿತ್ತು. ಆ ಮಾತು ಹೇಳಿಕೊಟ್ಟವರು ಇವರೇ.”

ಅಧಿಕಾರಿ ಟ್ರೆವರನನ್ನು ಒಂದೇ ಪ್ರಶ್ನೆ ಕೇಳಿದರು: “ಮರುದಿನ ಬೆಳಿಗ್ಗೆ ಈಕೆ ಕೆಲಸಕ್ಕೆ ಬಂದಿದ್ದರೆ ಒಳಗೆ ಬಿಡುತ್ತಿದ್ದಿರಾ?”

“ಇಲ್ಲ... ಗೇಟಿನ ಕಾರ್ಡು ತೆಗೆದುಕೊಂಡಿದ್ದೆವು,” ಅಂದ.

“ಹಾಗಾದರೆ ತೆಗೆದದ್ದು ನೀವು. ಯಾಕೆ ತೆಗೆದಿರಿ? ಬೇಕೆಂದೇ ಕೆಲಸ ಕೆಡಿಸುತ್ತಿದ್ದರಾ?”

ಇಲ್ಲಿ ನೋಡಿ, ಅವನು ಲೊರೇನಳನ್ನು ಇನ್ನಷ್ಟು ಕೆಳಗಿಳಿಸಲು ಹೋದ. “ಕೆಡಿಸೋದಲ್ಲ ಮೇಡಂ, ಅವರಿಗೆ ಕೆಲಸವೇ ಬರಲ್ಲ! ದಿನಾ ಎಲ್ಲರಿಗಿಂತ ಮೊದಲು ಬರೋರು, ಊಟದ ಹೊತ್ತಲ್ಲೂ ಅಭ್ಯಾಸ ಮಾಡೋರು, ಆದ್ರೂ ಕೈ ಓಡ್ತಿರಲಿಲ್ಲ!”

ಬರ್ನಡೀನ್ ನಗು ತಡೆಯಲು ಏಪ್ರನ್ನನ್ನು ಬಾಯಿಗೆ ತುರುಕಿಕೊಂಡಳಂತೆ. ಲೊರೇನ್ ಹೇಳಬೇಕಾದ್ದನ್ನೆಲ್ಲ ಅವನೇ ಹೇಳಿ ಮುಗಿಸಿದ್ದ.

ಲೊರೇನಳಿಗೆ ಭತ್ಯೆ ಮಂಜೂರಾಯಿತು. ಹಿಂದಿನ ವಾರಗಳದ್ದೂ ಸೇರಿ ಬಂತು. ಈಗ ಕ್ಲೆಮ್ ದಿನವೂ ಮಾತ್ರೆ ನುಂಗುತ್ತಾನೆ, ಅವಳ ಕಣ್ಣೆದುರೇ.

ಆಮೇಲಿನ ಒಂದು ಶುಕ್ರವಾರ ಪಿರೋಗಿಯ ಸಾಲಿನಲ್ಲಿ ನಿಂತಿದ್ದ ಪಕ್ಕದ ಬೀದಿಯ ಆ್ಯಂಡ್ರೂ ಸೊಬೊಲ್, “ಗೋದಾಮಿನ ಕೆಲಸನಾ? ಸಾಕಾಯ್ತು, ನಾನೇ ಬಿಟ್ಟೆ,” ಅಂದ. ತಟ್ಟೆ ಹಿಡಿದಿದ್ದ ಕ್ಲೆಮ್ ಅಲ್ಲೇ ನಿಂತುಬಿಟ್ಟ.

“ಬಿಟ್ಯೋ, ಬಿಡಿಸಿದ್ರೋ? ನಿಜ ಹೇಳೋ ಆ್ಯಂಡಿ. ನನ್ನ ಹೆಂಡ್ತಿಯನ್ನೂ ತೆಗೆದ್ರು.” ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದ. ಅಡುಗೆಮನೆಯ ಕಿಟಕಿಯಿಂದ ಯಾರೋ, “ನನ್ನನ್ನೂ ತೆಗೆದಿದ್ರು!” ಅಂದರು. ಹಿಂದಿನಿಂದ ಇನ್ನೊಬ್ಬರು. ಊರೆಲ್ಲ ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಅದು.

ಓದುವ ಅಕ್ಕ, ಅಣ್ಣ, ನಿಮಗೂ ಹೇಳುತ್ತೇನೆ. ಕೆಲಸ ಚೆನ್ನಾಗಿಲ್ಲ ಎಂದು ತೆಗೆದರೆ ನಿಮಗೇನೂ ಸಿಗುವುದಿಲ್ಲವೆಂದು ತೆಗೆದವರೇ ಹೇಳುತ್ತಾರೆ. ಅವರ ಮಾತು ನಂಬಿ ಮನೆಯಲ್ಲಿ ಕೂರಬೇಡಿ. ಕೂಡಲೇ ಅರ್ಜಿ ಹಾಕಿ. ‘ನಾನಾಗಿಯೇ ಬಿಟ್ಟೆ’ ಎಂಬುದಕ್ಕೆ ಸಹಿ ಕೇಳಿದರೆ, ವಿಚಾರಿಸದೆ ಹಾಕಬೇಡಿ. ಇಲ್ಲ ಎಂಬ ಉತ್ತರ ಬಂದರೆ ಅದರಲ್ಲಿರುವ ಗಡುವನ್ನು ನೋಡಿ ಮೇಲ್ಮನವಿ ಹಾಕಿ. ಒಂದೊಂದು ರಾಜ್ಯದಲ್ಲಿ ನಿಯಮ ಸ್ವಲ್ಪ ಬೇರೆ ಇರುತ್ತದೆ, ಸಿಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಭತ್ಯೆಯ ಕಚೇರಿ. ನಿಮ್ಮ ಮ್ಯಾನೇಜರ್ ಅಲ್ಲ.

ಕೈಲಾದಷ್ಟು ದುಡಿದವರು ತಲೆ ತಗ್ಗಿಸಬೇಕಾದ್ದಿಲ್ಲ. ಯಾರಾದರೂ ಕೇಳಿದಾಗ ಬಾಯಿಗೆ ಬರುವ ಮೊದಲ ಮಾತು ‘ನಾನೇ ಬಿಟ್ಟೆ’ ಎಂದಾದರೆ, ಅದನ್ನು ನುಂಗಿಬಿಡಿ. ಎರಡನೆಯದನ್ನು ಹೇಳಿ: ‘ತೆಗೆದರು.’