ಎಲೆ ಬಿಚ್ಚುವ ಮೊದಲೇ

ಬಿಚ್ಚಿಕೊಂಡಿಲ್ಲ, ಇವತ್ತಾದರೂ ಬಿಚ್ಚಬೇಕಿತ್ತು, ಬೆಳಕು ಸಾಲದೇನೋ, ಅಡುಗೆಮನೆ ಕಿಟಕಿ ಅಲ್ಲವೇ — ಅವಳು ಕುಂಡವನ್ನು ತಿರುಗಿಸಿದಳು, ಮೂರು ಬೀನ್ಸ್ ಸಸಿ, ಮೂರರ ಎಲೆಯೂ ಒಳಕ್ಕೆ ಸುರುಟಿಕೊಂಡು ಹಸುಗೂಸಿನ ಮುಷ್ಟಿಯ ಹಾಗೆ, ಅಯ್ಯೋ, ಒಂದಾದರೆ ಬೀಜದ ತಪ್ಪು ಅನ್ನಬಹುದಿತ್ತು, ಮೂರೂ ಅಂದರೆ ಗೊಬ್ಬರದ್ದೇ, ತನ್ನದೇ, ಇಪ್ಪತ್ತು ವರ್ಷದಿಂದ ಸೊಪ್ಪು ಹುಲ್ಲು ಲದ್ದಿ ಕೊಳೆಸಿಕೊಂಡು ಬಂದವಳು, ತಿಪ್ಪೆ ಮಹಾರಾಣಿ ಅಂತ ರೇಗಿಸುವ ಬೀದಿಯವರೇ ಬುಟ್ಟಿ ಹಿಡಿದು ಬಾಗಿಲಿಗೆ ಬರುತ್ತಾರೆ, ಪ್ರತಿ ಗೊಬ್ಬರದ ಗುಡ್ಡೆಯಿಂದ ಒಂದು ಹಿಡಿ ಕುಂಡಕ್ಕೆ ತೆಗೆದು ಬೀನ್ಸ್ ಹಾಕಿ, ಎಲೆ ಚೆನ್ನಾಗಿ ಬಿಚ್ಚಿದ್ದನ್ನು ನೋಡದೆ ಒಂದು ಬುಟ್ಟಿಯನ್ನೂ ಕೊಟ್ಟವಳಲ್ಲ, ಈ ಸಲ ಕೊಟ್ಟಳು. ತಂಗಿಗೆ ಅವಸರ. ಅಕ್ಕಾ, ಮಳೆ ಬರೋದ್ರೊಳಗೆ ಮಣ್ಣಿಗೆ ಬೆರೆಸ್ಬೇಕು ಕಣೇ, ನಿನ್ನ ಗೊಬ್ಬರಕ್ಕೂ ಪರೀಕ್ಷೆನಾ. ಕುದುರೆ ಲಾಯದವನೂ ಅಷ್ಟೇ, ಲದ್ದಿ ಸುರಿದು ಕೈ ಕೊಡವಿ, ಕುದುರೆ ತಿನ್ನೋ ಹುಲ್ಲಿಗೆ ಒಂದು ಹನಿ ಕಳೆನಾಶಕ ಮುಟ್ಟಿಸಿಲ್ಲಮ್ಮ, ನನ್ನ ಮಾತು ನಂಬಿ. ನಂಬಿದಳು. ಎಲೆ ಸುರುಟಿಸುವ ಆ ವಿಷ ಕುದುರೆ ಹೊಟ್ಟೆಯಲ್ಲೂ ಸಾಯುವುದಿಲ್ಲ, ಗುಡ್ಡೆಯ ಕಾವಿನಲ್ಲೂ ಸಾಯುವುದಿಲ್ಲ, ಮಣ್ಣಿಗಿಳಿದರೆ ಎರಡು ಮೂರು ವರ್ಷ ಬೀನ್ಸ್ ಇಲ್ಲ ಟೊಮೇಟೊ ಇಲ್ಲ, ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವಳು ಇವಳೇ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ತಂಗಿ ಫೋನ್ ಎತ್ತುತ್ತಿಲ್ಲ, ಎತ್ತೇ ಮಾರಾಯ್ತಿ, ಅರವತ್ತು ಬುಟ್ಟಿ ನಿನ್ನೆಯೇ ಹೋಯಿತು, ಬೆಳಿಗ್ಗೆನೇ ಹರಡ್ತೀನಿ ಅಂದಿದ್ದಳು, ಇನ್ನೂ ಹರಡಿರಲಿಕ್ಕಿಲ್ಲ, ಸೋಮಾರಿ ಅವಳು, ದೇವರೇ, ಇವತ್ತೊಂದು ದಿನ ಸೋಮಾರಿಯಾಗಿರಲಿ — ಕುಂಡ ಎದೆಗವಚಿಕೊಂಡು ಬರಿಗಾಲಲ್ಲಿ ಓಡುತ್ತಾಳೆ, ಬಟ್ಟೆ ಅಂಗಡಿ, ಸೈಕಲ್ ರಿಪೇರಿಯವನು, ಏನಕ್ಕಾ ಬೆಂಕಿ ಬಿತ್ತಾ, ಬೆಂಕಿಯಾದರೆ ನೀರು ಹಾಕಬಹುದಿತ್ತಪ್ಪ, ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಅಕ್ಕ ಇದ್ದಾಳಲ್ಲ ಅನ್ನುವ ಒಂದೇ ಧೈರ್ಯಕ್ಕೆ ತರಕಾರಿ ಬೆಳೆಯಲು ಮಣ್ಣಿಗಿಳಿದವಳು ತಂಗಿ, ಅಮ್ಮ ಆ ಹಸುಗೂಸನ್ನು ಅಕ್ಕನ ತೊಡೆ ಮೇಲೆ ಮಲಗಿಸಿ ಇನ್ಮೇಲೆ ಇವಳು ನಿನ್ನ ಹೊಣೆ ಅಂದಾಗ ಅಕ್ಕನಿಗೆ ಒಂಬತ್ತು ವರ್ಷ, ಆ ಕೆಂಪು ಮುಷ್ಟಿ ಅಕ್ಕನ ಬೆರಳನ್ನು ಹಿಡಿದದ್ದು ಬಿಡಲೇ ಇಲ್ಲ, ನಂಬಿದವಳ ಕುತ್ತಿಗೆ ಕೊಯ್ದೆನಲ್ಲ.

ತಂಗಿಯ ತೋಟದ ಬೇಲಿ. ಬುಟ್ಟಿಗಳು ಒಂದರೊಳಗೊಂದು, ಎಲ್ಲ ಖಾಲಿ. ಬಾರೇ ಅಕ್ಕಾ, ಸೋಮಾರಿ ಅಂತಿದ್ದೆಯಲ್ಲ, ಮುಗೀತು ನೋಡು, ಒಂದು ಹಿಡೀನೂ ಉಳಿಸಿಲ್ಲ, ತಂಗಿ ಬಗ್ಗಿ ಮಣ್ಣು ಬಾಚಿ ಮೂಗಿನ ಹತ್ತಿರ ತರುತ್ತಾಳೆ, ವಾಸನೆ ನೋಡೇ, ಹೌದು, ಒಳ್ಳೆಯ ವಾಸನೆ, ಆ ವಿಷಕ್ಕೆ ವಾಸನೆಯಿಲ್ಲ, ಅದ್ಯಾಕೆ ಕುಂಡ ಹಿಡ್ಕೊಂಡು ಬಂದೆ, ಅಳ್ತಿದ್ದೀಯಾ, ಹೇಳಿಬಿಡಬೇಕು, ಈಗಲೇ ಹೇಳಬೇಕು, ತಂಗಿಯ ಕೈಯಲ್ಲಿ ಮಣ್ಣಿನ ಮುಷ್ಟಿ, ತನ್ನ ಕೈಯಲ್ಲಿ ಮೂರು ಹಸಿರು ಮುಷ್ಟಿ, ಬಿಚ್ಚುತ್ತಿಲ್ಲ, ಬಿಚ್ಚುತ್ತಿಲ್ಲ —