ಬಿಳಿ ಉಣ್ಣೆಯ ಎಳೆ

ರ್ಯಾಕೆಟ್‌ಗೆ ಹೊಸ ತಂತಿ ಹಾಕಲು ಅಂಗಡಿಯವನು ಕೇಳುವ ದುಡ್ಡಿಗೆ ನಮ್ಮ ಮನೆಗೆ ಒಂದು ವಾರದ ತರಕಾರಿ ಬರುತ್ತಿತ್ತು. ಒಂದು ಡಬ್ಬಿ ಚೆಂಡಿನ ಬೆಲೆಗೆ ವಾರದ ಹಾಲು. ಕಾಲೇಜಿನ ಟೆನಿಸ್ ಕೋಚ್ ಸಂಬಳ ಎಲ್ಲಕ್ಕೂ ಸಾಲುವಂಥದ್ದಲ್ಲ. ಹಾಗಾಗಿ ಮದುವೆಯಾದ ಹೊಸದರಲ್ಲೇ ನಾನು ತಂತಿ ಕಟ್ಟುವುದು ಕಲಿತೆ. ಚೆಂಡಿಲ್ಲದೆ ಆಟ ಕಲಿಸುವುದನ್ನು ನಮ್ಮ ಯಜಮಾನರು ಅದಕ್ಕೂ ಮೊದಲೇ ಕಲಿತಿದ್ದರು.

ಅದು ಅವರ ಗುರುಗಳ ಪದ್ಧತಿ. ಹೊಸಬರು ಮೊದಮೊದಲು ಚೆಂಡು ಮುಟ್ಟುವಂತಿಲ್ಲ. ಬಂತು ಅಂದುಕೊಂಡು ಓಡಬೇಕು, ಬರೀ ಗಾಳಿಗೆ ಬೀಸಬೇಕು. ಆ ಗುರುಗಳು ಗೋಡೆ ಪಕ್ಕದ ಕೊನೆಯ ಕೋರ್ಟಿನಲ್ಲಿ ಪಾಠ ಹೇಳುತ್ತಲೇ ಕುಸಿದು ತೀರಿಕೊಂಡರಂತೆ. ಆಗಿನ್ನೂ ಟೆನಿಸ್ ಚೆಂಡು ಬೆಳ್ಳಗಿತ್ತು. ಹಳದಿ ಬಂದದ್ದು ಆಮೇಲೆ.

ಇವರ ನಿವೃತ್ತಿಯ ವರ್ಷ ನನ್ನ ತಂಗಿಯ ಮಗಳು ಅದೇ ಕಾಲೇಜು ಸೇರಿ ನಮ್ಮಲ್ಲೇ ಉಳಿದಳು. ಬಾಯಿ ಜೋರು, ಪಟಾಕಿ ಅಂತಲೇ ಕರೆಯುತ್ತಿದ್ದೆವು.

"ಚೆಂಡಿಲ್ದೆ ಟೆನಿಸ್ಸಾ ದೊಡ್ಡಪ್ಪ? ಖಾಲಿ ತಟ್ಟೆ ನೆಕ್ಕಿದ ಹಾಗೆ!"

"ಮೊದ್ಲು ಕೈ ತೊಳ್ಕೊಂಡು ಬಾ. ಬಡಿಸೋದು ಆಮೇಲೆ."

ಬೇರೆ ಕೋರ್ಟುಗಳು ತುಂಬಿದ್ದರಿಂದ ಅವಳಿಗೆ ಸಿಕ್ಕಿದ್ದು ಕೊನೆಯದು. ನೋಡನೋಡುತ್ತಲೇ ಅವಳ ಕೈ ಕುದುರಿತು. "ಇಷ್ಟು ವರ್ಷ ಒಂದು ಟ್ರೋಫಿ ಬರಲಿಲ್ಲ ಕಣೆ. ಇವಳು ತರ್ತಾಳೆ," ಅಂದರು ಇವರು. ಆ ಆಸೆ ಅವರ ಮುಖದಲ್ಲಿ ನೋಡಿ ನನಗೂ ಹಿಗ್ಗಾಗಿತ್ತು.

ಆದರೆ ಹುಡುಗಿಯ ಮಾತು ಕಡಿಮೆಯಾಯಿತು. ಕರೆದರೆ ತಕ್ಷಣ ಓಗೊಡುತ್ತಿರಲಿಲ್ಲ. ಚೆಂಡು ಆಚೆ ಹೋಗಿ ವಾಪಸ್ಸು ಬರುವಷ್ಟು ಹೊತ್ತು ಬಿಟ್ಟು ಉತ್ತರ ಬರುತ್ತಿತ್ತು.

ಒಂದು ದಿನ ಅವಳ ರ್ಯಾಕೆಟ್ಟಿನ ತಂತಿ ಹರಿಯಿತು. ಬಿಚ್ಚಿ ನೋಡಿದರೆ ತಂತಿಗಳು ಒಂದನ್ನೊಂದು ಉಜ್ಜಿ ಕಚ್ಚು ಬಿದ್ದಿದ್ದವು. ಅಂಥ ಸವೆತ ಚೆಂಡಿನ ಹೊಡೆತಕ್ಕಲ್ಲದೆ ಬರುವುದಿಲ್ಲ. ಸಂದಿಯಲ್ಲಿ ಚೆಂಡಿನ ಮೈಮೇಲಿರುವಂಥ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಬಿಳಿ.

ಇವರ ಮುಂದೆ ಅಂಗೈ ಚಾಚಿದೆ. "ಅವಳಿಗೆ ಚೆಂಡು ಕೊಟ್ರಾ?"

"ಇಲ್ಲ." ಎಳೆ ನೋಡಿ ತಲೆ ತಗ್ಗಿಸಿದರು. "ಆ ಕೋರ್ಟಿನಲ್ಲಿ ಚೆಂಡಿನ ಸದ್ದು ನನಗೂ ಕೇಳಿಸ್ತಾ ಇತ್ತು. ನಮ್ಮ ಗುರುಗಳು ಒಳ್ಳೇ ಮೇಷ್ಟ್ರು ಕಣೆ, ಮಗೂಗೆ ಏನೂ ಮಾಡಲ್ಲ. ಪಂದ್ಯ ಒಂದು ಮುಗೀಲಿ."

"ಏನೂ ಮಾಡಲ್ವಾ? ಕರೆದು ನೋಡಿ."

"ಪಟಾಕೀ..."

ಚೆಂಡು ಹೋಗಿ ಬರುವಷ್ಟು ಹೊತ್ತು ಕಳೆಯಿತು. ಆಮೇಲೆ ಪಕ್ಕದ ಕೋಣೆಯಿಂದ ಸಪಾಟು ದನಿ: "ಬಂದೆ ಸರ್."

ಅವಳು ಯಾವತ್ತೂ ಇವರನ್ನು ಸರ್ ಅಂದವಳಲ್ಲ. ಇವರು ಕಣ್ಣು ತಪ್ಪಿಸಿದರು. ಆದರೂ ಆ ಕೋರ್ಟಿಗೆ ಹೋಗಬೇಡ ಅನ್ನಲಿಲ್ಲ.

ಮರುದಿನ ಮಧ್ಯಾಹ್ನ ನಾನೇ ಕೋರ್ಟಿಗೆ ಹೋಗಿ ತಂತಿಯೇ ಇಲ್ಲದ ಬರೀ ಚೌಕಟ್ಟನ್ನು ಅವಳ ಕೈಗಿಟ್ಟೆ. ಅವಳಿಗೆ ಅದರ ಅರಿವೇ ಆಗಲಿಲ್ಲ. ಓಡಿದಳು, ಬೀಸಿದಳು. ಚೆಂಡು ಚೌಕಟ್ಟಿನೊಳಗಿಂದ ತೂರಿ ಬಡಿದಂತೆ ಅವಳ ಹಿಂದಿನ ತಂತಿಬೇಲಿ ಝಲ್ಲೆಂದಿತು. ಮತ್ತೆ ಬೀಸಿದಳು, ಮತ್ತೆ ಝಲ್. ಮೂರನೆಯದು ಅವಳ ಕಿವಿಯ ಪಕ್ಕದ ಕೂದಲನ್ನು ಹಾರಿಸಿಕೊಂಡು ಹೋಯಿತು. ಹೊಡೆತ ಬಿರುಸಾಗುತ್ತಿತ್ತು, ಶಿಷ್ಯೆ ಬೇಕೆಂದೇ ಚೆಂಡು ಬಿಡುತ್ತಿದ್ದಾಳೆಂದು ಸಿಟ್ಟು ಬಂದವರಂತೆ.

ಬದಿಯಲ್ಲಿ ನಿಂತು ನೋಡುತ್ತಿದ್ದ ಇವರು ಓಡಿಹೋಗಿ ಅವಳ ಮುಂದೆ ನಿಂತರು. ಆಚೆ ಬದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

"ಸಾಕು ಸರ್. ಟ್ರೋಫಿ ನನಗೆ ಬೇಡ. ಇವಳು ನಮ್ಮನೆ ಮಗು."

ಏನೋ ಬಂದು ಇವರ ಎದೆಗೆ ಬಡಿಯಿತು. ಇವರು ಒಂದು ಹೆಜ್ಜೆ ಹಿಂದೆ ಸರಿದರು, ಜಾಗ ಬಿಡಲಿಲ್ಲ. ಅಂಗಿಯ ಮೇಲೆ ಚೆಂಡಿನಗಲದ ಮಣ್ಣಿನ ಗುರುತು ಮೂಡಿತ್ತು. ಆಮೇಲೆ ಬೇಲಿ ಅಲುಗಲಿಲ್ಲ.

ಪಂದ್ಯದಲ್ಲಿ ಹುಡುಗಿ ಮೊದಲ ಸುತ್ತಿಗೇ ಸೋತಳು. ಕಲಿತದ್ದೆಲ್ಲ ಕೈಬಿಟ್ಟು ಹೋಗಿತ್ತು. ಹೊಡೆದ ಚೆಂಡು ಒಂದೂ ಗೆರೆಯೊಳಗೆ ಬೀಳಲಿಲ್ಲ.

"ಹೋಗ್ಲಿ ಬಿಡೇ," ಎಂದು ಇವರು ಅನ್ನುವಷ್ಟರಲ್ಲೇ ಮಾತಿಗೆ ಅಡ್ಡ ಬಾಯಿ ಹಾಕಿದಳು: "ನೀವು ಕಲಿಸಿದ್ದೇ ಹಾಗೆ ದೊಡ್ಡಪ್ಪ! ನಾನೇನು ಮಾಡ್ಲಿ?"

ಇವರು ನಿವೃತ್ತರಾದರು. ಟ್ರೋಫಿಗೆಂದು ಖಾಲಿ ಬಿಟ್ಟಿದ್ದ ಗೂಡಿನಲ್ಲಿ ನನ್ನ ತಂತಿಯ ಸುರುಳಿಗಳಿವೆ. ಟ್ರೋಫಿ ಬರಲಿಲ್ಲ. ಹುಡುಗಿ ಉಳಿದಳು.