ಚಂದ್ರಭಾಗಾಳ ಬಂಡೆ

ಸಾಸ್ತೂರಿನ ಶಿವರಾಯ ತನ್ನ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ದೊಡ್ಡ ಸುಳ್ಳು. ಸಣ್ಣಪುಟ್ಟವನ್ನು ಬಿಡಿ, ಅವನ್ನು ಹಿಡಿದು ಕೂತರೆ ನಮ್ಮಲ್ಲಿ ಯಾರೂ ಉಳಿಯುವುದಿಲ್ಲ. ಆ ದೊಡ್ಡದನ್ನು ಅವನು ಹೆಂಡತಿ ಚಂಪಾಬಾಯಿಗೆ ಹೇಳಿ, ಇಪ್ಪತ್ತನಾಲ್ಕು ವರ್ಷ ಬಿಸಿಲು ಗಾಳಿ ತಾಗದಂತೆ ಕಾಪಾಡಿಕೊಂಡು ಬಂದಿದ್ದ. ಅದಕ್ಕೆ ಕುತ್ತು ಬಂದದ್ದು ಒಂದು ಭಾನುವಾರ, ಬಿಳಿ ಕ್ರೂಸರ್ ಜೀಪಿನಲ್ಲಿ. ಅದೂ ಹೆತ್ತ ಮಗಳ ಕೈಯಿಂದ, ಅಕ್ಕರೆಯ ರೂಪದಲ್ಲಿ.

ಸುಳ್ಳು ಇಷ್ಟೇ. ಊರನ್ನೇ ನೆಲಕ್ಕೊರಗಿಸಿದ ಭೂಕಂಪದಲ್ಲಿ ಸತ್ತ ಆರು ವರ್ಷದ ಹಿರಿಮಗಳು ಚಂದ್ರಭಾಗಾಳನ್ನು ಉದಗೀರದ ಆಚೆಗಿರುವ ಕೆಂಪುಗುಡ್ಡದ ಮೇಲೆ, ಹಳೆಯ ಮಠದ ಹತ್ತಿರ, ಮಣ್ಣು ಮಾಡಿ ಬಂದೆ ಎಂದಿದ್ದ.

ಲಿಂಗವಂತರ ಮನೆಯಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಕೂತ ಹಾಗೇ ಒಳಗಿಳಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರಿ ಹಾಕಿ ಮಣ್ಣು ಮುಚ್ಚುತ್ತಾರೆ. ಶಿವರಾಯನ ಅಪ್ಪ ಹೋದದ್ದು ಹಾಗೆ, ಅಜ್ಜ ಹೋದದ್ದು ಹಾಗೆ. ಆದರೆ ಆ ವಾರ ಸಾಸ್ತೂರಿನಲ್ಲಿ ಯಾರ ಪದ್ಧತಿ ಯಾವುದೆಂದು ಕೇಳುವ ಪುರಸೊತ್ತು ಯಾರಿಗಿತ್ತು? ಮಳೆ ಹಿಡಿದಿತ್ತು. ತೋಡಿದ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು. ಹೆಣಗಳು ಹೆಚ್ಚು, ಹೊರುವ ಹೆಗಲುಗಳು ಕಡಿಮೆ. ಬಿದ್ದ ಮನೆಗಳ ತೊಲೆ, ಬಾಗಿಲು, ಚೌಕಟ್ಟುಗಳನ್ನೇ ಊರ ಹೊರಗೆ ಒಟ್ಟಿ, ಸೀಮೆಎಣ್ಣೆ ಸುರಿದು, ಎಲ್ಲರನ್ನೂ ಒಂದೇ ಸಾಲಿನಲ್ಲಿ ಸುಟ್ಟರು. ಚಂದ್ರಭಾಗಾಳನ್ನು ಆ ಸಾಲಿಗೆ ಎತ್ತಿಟ್ಟವನು ಶಿವರಾಯನೇ; ಅವರವರ ದುಃಖದಲ್ಲಿ ಅದನ್ನು ಬೇರೆ ಯಾರೂ ಗಮನಿಸಲಿಲ್ಲ.

ಚಂಪಾಬಾಯಿ ಆಗ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದಳು. ಗೋಡೆಯ ಕಲ್ಲು ಬಿದ್ದು ಸೊಂಟ ಮುರಿದಿತ್ತು. ಹತ್ತನೆಯ ದಿನ ಗಂಡ ಹೋದಾಗ ಅವಳು ಕೇಳಿದ್ದು ಒಂದೇ ಮಾತು, ‘ಆಕಿಗಿ ಎಲ್ಲಿ ಇಟ್ರಿ?’ ಹೇಳುವ ತನಕ ಗಂಜಿಯ ಚಮಚ ಬಾಯಿಗೆ ತಾಗಿಸಿಕೊಳ್ಳಲಿಲ್ಲ. ಸುಟ್ಟೆವು ಎಂದರೆ ಈ ಹೆಣ್ಣು ಇಲ್ಲೇ ಕಣ್ಣು ಮುಚ್ಚುತ್ತಾಳೆ ಎಂದು ಅವನ ಎದೆ ಹೇಳಿತು. ನಮ್ಮ ಹೊಲದಲ್ಲಿ ಎನ್ನೋಣವೆಂದರೆ ಆ ಹೊಲವನ್ನು ಅವಳು ಮೊಳ ಮೊಳ ಬಲ್ಲವಳು, ನಾಳೆ ಬಂದು ತೋರಿಸು ಎಂದರೆ? ಹರೆಯದಲ್ಲಿ ಎತ್ತು ಕೊಳ್ಳಲು ಉದಗೀರದ ಸಂತೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ದೂರದಲ್ಲಿ ಕಂಡಿದ್ದ ಕೆಂಪುಗುಡ್ಡ ನೆನಪಾಯಿತು. ಬಾಯಿ ಅದರ ಹೆಸರು ಹೇಳಿಬಿಟ್ಟಿತು. ಮಿಲಿಟರಿ ಲಾರಿ ಆ ಕಡೆ ಹೊರಟಿತ್ತು, ಮಠದ ಅಯ್ಯನವರು ಮುಂದೆ ನಿಂತು ಎಲ್ಲ ಮಾಡಿಸಿದರು, ಎದೆಯುದ್ದ ಕುಣಿ, ಅಂಗೈಯಲ್ಲಿ ಲಿಂಗ ಎಂದು ಕತೆ ಕಟ್ಟಿದ. ಅಪ್ಪನನ್ನು ಮಣ್ಣು ಮಾಡಿದ ದಿನದ ಎಲ್ಲವನ್ನೂ ತೆಗೆತೆಗೆದು ಮಗಳಿಗೆ ತೊಡಿಸಿದ. ಚಂಪಾಬಾಯಿ ಕಣ್ಣು ಮುಚ್ಚಿ ಕೇಳಿಸಿಕೊಂಡು, ‘ಹಂಗಾರ ಛಲೋ ಆತು’ ಎಂದು ಗಂಜಿ ಕುಡಿದಳು.

ಆಮೇಲೆ ಪ್ರತಿ ಶಿವರಾತ್ರಿಗೆ ಅವಳು ಪತ್ರಿ, ವಿಭೂತಿ, ಚುರುಮುರಿ, ಬೆಲ್ಲದ ಚೂರು ಕಟ್ಟಿ ಗಂಡನ ಕೈಗೆ ಕೊಡುವಳು. ಅವಳ ಸೊಂಟ ಗುಡ್ಡ ಹತ್ತುವಂಥದ್ದಲ್ಲ. ಗುಡ್ಡಕ್ಕೆ ರಸ್ತೆಯಿಲ್ಲ, ಬರೀ ಜಾಲಿಮುಳ್ಳು ಎಂದು ಗಂಡ ಬೇರೆ ಹೆದರಿಸಿದ್ದ. ಅವನು ಬಸ್ಸು ಹತ್ತಿ ಉಮರ್ಗಾಕ್ಕೆ ಹೋಗುವನು. ಸ್ಟ್ಯಾಂಡಿನಲ್ಲಿ ದಿನವಿಡೀ ಕೂತು, ಮೂರು ಚಹಾ ಕುಡಿದು, ಸಂಜೆ ವಾಪಸು ಬರುವಾಗ ಊರ ಹೊರಗೇ ಇಳಿದು, ಸುಟ್ಟ ಜಾಗದಲ್ಲಿ ಪತ್ರಿ ಇಟ್ಟು ಮನೆಗೆ ಬರುವನು. ಅಷ್ಟನ್ನು ಮಾತ್ರ ಅವನು ಸುಳ್ಳು ಮಾಡಲಿಲ್ಲ, ಪಾಪ.

ಭೂಕಂಪವಾದ ಎರಡು ವರ್ಷಕ್ಕೆ ಹುಟ್ಟಿದ ಮೀನಲ ಈಗ ಉಮರ್ಗಾದಲ್ಲಿ ಶಾಲೆಯ ಬಾಯಿ, ಎಂದರೆ ಟೀಚರು. ಕಾಣದ ಅಕ್ಕನ ಮೇಲೆ ಅವಳಿಗೆ ಎಲ್ಲಿಲ್ಲದ ಮಮತೆ. ಉದಗೀರದ ಸಂಜುಕುಮಾರ ಎಂಬ ತರುಣ, ಭೂಗರ್ಭಶಾಸ್ತ್ರ ಓದಿದವನು, ಎಂಟು ಹತ್ತು ಮಂದಿಯನ್ನು ಜೀಪಿನಲ್ಲಿ ಕೂಡಿಸಿಕೊಂಡು ಈ ಸೀಮೆಯ ವಿಚಿತ್ರ ಕಲ್ಲುಬಂಡೆಗಳನ್ನು ತೋರಿಸಿ ಸಂಜೆಗೆ ತಂದು ಬಿಡುತ್ತಾನೆ ಎಂದು ಅವಳು ಮೊಬೈಲಿನಲ್ಲಿ ಓದಿದಳು. ಕೊನೆಯ ಜಾಗ ಕೆಂಪುಗುಡ್ಡ. ಈಗ ಅಲ್ಲಿಗೆ ಡಾಂಬರು ರಸ್ತೆಯಾಗಿದೆ, ಗಾಡಿ ನೆತ್ತಿಯ ತನಕ ಹೋಗುತ್ತದೆ. ಮೂರು ಸೀಟು ಹೇಳಿಯೇ ಬಿಟ್ಟಳು.

‘ಅವ್ವಾ, ಅಕ್ಕನ ಜಾಗಾ ನೋಡಿ ಬರೋಣು ನಡಿ. ನೀ ಒಂದು ಮೆಟ್ಟಿಲ ಸುದ್ದಾ ಹತ್ತೂದಿಲ್ಲ.’

ಚಂಪಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮಗಳ ತಲೆ ಸವರಿದಳು. ಶಿವರಾಯ ಮೊಣಕಾಲು ನೋವೆಂದ, ವಲಾಂಡಿಯಲ್ಲಿ ಕಾಶೆಪ್ಪನ ಮಗನ ಮದುವೆಯೆಂದ, ತೊಗರಿ ರಾಶಿ ಉಳಿದಿದೆಯೆಂದ. ತಾಯಿ ಮಗಳು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜೀಪಿನಲ್ಲಿ ಇವರ ಜೊತೆ ಕಲಬುರಗಿಯ ಒಂದು ಮಾಸ್ತರ ಜೋಡಿ, ಹೈದರಾಬಾದಿನ ನಾಲ್ಕು ಮಂದಿ ಗೆಳೆಯರು. ಸಂಜುಕುಮಾರ ಒಳ್ಳೆ ಹುಡುಗ. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಒಂದೇ ತಾಟಿನಲ್ಲಿ ಕಲಸಿ ಬಡಿಸುತ್ತಿದ್ದ. ಮೊದಲು ಉಮರ್ಗಾ ದಾಟಿ ಒಂದು ಹಳೆಯ ಕಲ್ಲುಗಣಿಯಲ್ಲಿ ಇಳಿಸಿದ. ಗಣಿಯ ಗೋಡೆಯ ತುಂಬ ಆರು ಮೂಲೆಯ ಕರಿ ಕಂಬಗಳು, ಯಾರೋ ಉಳಿ ಹಿಡಿದು ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತೆ.

‘ಯಾರೂ ಕಡದಿಲ್ರಿ,’ ಎಂದ ಸಂಜುಕುಮಾರ. ‘ಭೂಮಿ ಹೊಟ್ಟ್ಯಾಗಿಂದ ಬೆಂಕಿ ರಸ ಉಕ್ಕಿ ಬಂತು. ಆರಿ ಗಟ್ಟಿ ಆಗೋ ಮುಂದ ತಾನೇ ಹಿಂಗ ಸೀಳಿತು. ನಾವು ನಿಂತದ್ದೆಲ್ಲಾ ಒಂದ ಕಾಲಕ್ಕ ಬೆಂಕಿನೇ.’

ಎಲ್ಲರೂ ಫೋಟೋ ಹೊಡೆದುಕೊಂಡರು. ಚಂಪಾಬಾಯಿ ಒಂದು ಕಂಬಕ್ಕೆ ಕೈ ಹಚ್ಚಿ, ‘ತಂಪದ’ ಎಂದಳಷ್ಟೆ.

ಎರಡನೆಯದು ನಿಲಂಗಾದ ಹತ್ತಿರದ ಒಂದು ದಿನ್ನೆ. ಉಳ್ಳಾಗಡ್ಡಿಯಂತೆ ಪದರು ಪದರಾಗಿ ಸಿಪ್ಪೆ ಬಿಡುತ್ತಿದ್ದ ಗುಂಡುಗಲ್ಲುಗಳು. ಉಳಿದವರು ಅವನ್ನು ಸುತ್ತುತ್ತಿರುವಾಗ ಬೇವಿನ ನೆರಳಲ್ಲಿ ಗಂಡ ಹೆಂಡತಿ ಇಬ್ಬರೇ ರೊಟ್ಟಿ ಬಿಚ್ಚಿಕೊಂಡು ಕೂತರು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ ಎಂದು ಶಿವರಾಯನಿಗೂ ಗೊತ್ತಿತ್ತು.

‘ಏ ಇಕಾ, ನಾ ಏನರೆ ಒಂದ ಮಾತ ಹೇಳಿದ್ರ…’ ಎಂದು ಶುರುಮಾಡಿದ.

‘ಹೇಳ್ರಿ.’ ಅವಳು ಕತ್ತೆತ್ತಿ ನೋಡಿದಳು. ಇಷ್ಟು ವರ್ಷದಲ್ಲಿ ಆ ಮುಖ ಅಷ್ಟು ಹಗುರವಾದದ್ದನ್ನು ಅವನು ನೋಡಿರಲಿಲ್ಲ. ಮದುವೆಗೆ ಹೊರಟವಳ ಹಾಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು.

‘ಶೇಂಗಾ ಹಿಂಡಿ ಖಾರ ಆಗ್ಯಾದ,’ ಎಂದು ಹೇಡಿ ತುತ್ತು ನುಂಗಿದ.

ನಾಲ್ಕು ಗಂಟೆಗೆ ಜೀಪು ಕೆಂಪುಗುಡ್ಡದ ನೆತ್ತಿಗೆ ಬಂತು. ಶಿವರಾಯ ಇಳಿದವನೇ ಕಾಲ ಕೆಳಗೆ ನೋಡಿದ. ಅವನು ಕರಿಮಣ್ಣಿನ ಮನುಷ್ಯ. ಸಾಸ್ತೂರಿನಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಆಳುದ್ದ ಮಣ್ಣು, ನೆಲವೆಂದರೆ ಮಣ್ಣು ಎಂದೇ ತಿಳಿದು ಬೆಳೆದವನು. ಗುಡ್ಡದ ಮೇಲೆ ಕುಣಿ ತೋಡಿದೆ ಎಂದು ಹೇಳುವಾಗ ಗುಡ್ಡದ ಮೇಲೆ ಮಣ್ಣಿರುತ್ತದೋ ಇಲ್ಲವೋ ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಇಲ್ಲಿ ನೋಡಿದರೆ ಕಣ್ಣು ಹಾಯುವಷ್ಟೂ ಕಲ್ಲು. ಕೆಂಪು ಕಲ್ಲು, ಹುಳ ತಿಂದ ಕಟ್ಟಿಗೆಯ ಹಾಗೆ ಮೈತುಂಬ ತೂತು. ಕೆಲವು ಛತ್ರಿಯಂತೆ ನಿಂತಿದ್ದವು, ಕೆಲವು ಕುಳಿತ ದನಗಳಂತೆ. ತುದಿಯಲ್ಲಿ ಬಾಗಿಲು ಮುಚ್ಚಿದ ಸಣ್ಣ ಮಠ.

‘ಯಾವದ್ರಿ?’ ಎಂದಳು ಚಂಪಾಬಾಯಿ.

ಅವನು ಮುಂದೆ ನಡೆದ. ಛತ್ರಿಯಂಥ ಒಂದು ಬಂಡೆಯ ಕೆಳಗೆ ಸ್ವಲ್ಪ ನೆರಳಿತ್ತು. ಸುಳ್ಳು ಹೇಳುವಾಗಲೂ ಮಗಳಿಗೆ ನೆರಳಿರಲಿ ಅನ್ನಿಸಿತು. ‘ಇದೇ,’ ಎಂದ.

ಮೀನಲ ತಾಯಿಯನ್ನು ಕೂಡಿಸಿ, ತಾನೂ ಕೈ ಮುಗಿದು, ಅವ್ವನಿಗೆ ಅಳಲು ಬಿಡಬೇಕೆಂದು ಮಠದ ಕಡೆ ನಡೆದಳು. ಚಂಪಾಬಾಯಿ ಅಳಲಿಲ್ಲ. ನೀರು ಚಿಮುಕಿಸಿದಳು, ವಿಭೂತಿ ಎಳೆದಳು, ಪತ್ರಿ ಏರಿಸಿದಳು, ಚುರುಮುರಿ ಬೆಲ್ಲ ಇಟ್ಟಳು. ‘ಚಂದ್ರೀ, ನಾ ಬಂದೀನವಾ. ಭಾಳ ತಡಾ ಆತು,’ ಎಂದು ಬಂಡೆಯ ಮೈಯನ್ನು ಎರಡೂ ಕೈಯಿಂದ ಸವರಿದಳು. ಸವರುತ್ತ ಸವರುತ್ತ ಅವಳ ಕೈ ನಿಧಾನವಾಯಿತು. ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿದಳು. ಆಚೆ ಕುಟ್ಟಿದಳು, ಈಚೆ ಕುಟ್ಟಿದಳು. ಹೊಲದಲ್ಲೇ ಹುಟ್ಟಿ ಬೆಳೆದ ಹೆಂಗಸಿಗೆ ತೋಡಿದ ನೆಲ ಯಾವುದು, ತೋಡದ ನೆಲ ಯಾವುದು ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಸಂಜುಕುಮಾರ ಉಳಿದವರನ್ನು ಕರೆದುಕೊಂಡು ಅಲ್ಲಿಗೇ ಬಂದ. ಛತ್ರಿಬಂಡೆ ಅವನ ಪ್ರವಾಸದ ಮುಖ್ಯ ಜಾಗವಂತೆ.

‘ಇದು ಜಾಂಭಾ ದಗಡ, ಜಂಬಿಟ್ಟಿಗಿ ಕಲ್ಲು ಅಂತೀವಲ್ಲ. ಲಕ್ಷಗಟ್ಟಲೆ ವರ್ಷದ ಮಳಿ ಬಿಸಲಿಗಿ ಮ್ಯಾಲಿನ ಮಣ್ಣೆಲ್ಲಾ ತೊಳದು ಹೋಗ್ಯಾದ. ಉಳದದ್ದು ಬರೇ ಈ ಕಬ್ಬಿಣದಂಥಾ ಟೊಪಗಿ. ಇಡೀ ಗುಡ್ಡದ ಮ್ಯಾಲ ಗೇಣುದ್ದ ಮಣ್ಣಿಲ್ರಿ.’

ಚಂಪಾಬಾಯಿ ಕೂತಲ್ಲಿಂದಲೇ ಕೇಳಿದಳು, ‘ತಮ್ಮಾ, ಇಲ್ಲಿ ಕುಣಿ ತೋಡ್ಲಾಕ ಬರ್ತದೇನಪಾ?’

‘ಎಲ್ಲಿದು ಆಯೀ!’ ಹುಡುಗ ನಕ್ಕ. ‘ಕಬ್ಬಿಣದ ಹಾರಿ ಹಾಕಿದ್ರ ಹಾರಿನೇ ಬಾಗ್ತದ. ಈ ಮಠದ ಅಜ್ಜಾರು ಲಿಂಗೈಕ್ಯ ಆದಾಗ ಸುದ್ದಾ ಕೆಳಗ ಕರಿಮಣ್ಣಿನ ಹೊಲಕ್ಕ ಒಯ್ದು ಮಣ್ಣು ಮಾಡ್ಯಾರ. ಎಲ್ಲಾ ಗದ್ದುಗಿ ಅಲ್ಲೇ ಅದಾವ. ಇಳಿಯೋ ಮುಂದ ತೋರಸ್ತೀನಿ.’

ಅವನದೇನೂ ತಪ್ಪಿಲ್ಲ, ಅವನು ತನ್ನ ಕಲ್ಲಿನ ಬಗ್ಗೆ ಹೇಳಿದ. ಮಂದಿ ಮುಂದಿನ ಬಂಡೆಗೆ ಹೋದರು. ಗಂಡ ಹೆಂಡತಿ ಉಳಿದರು.

ಚಂಪಾಬಾಯಿ ಬಂಡೆಯ ಮೇಲಿಂದ ಕೈ ತೆಗೆದಳು.

‘ಎಲ್ಲದಾಳ್ರಿ ಆಕಿ?’

ಶಿವರಾಯ ಅವಳೆದುರು ಕುಕ್ಕರುಗಾಲಲ್ಲಿ ಕೂತ. ಬೇರೆ ಸುಳ್ಳಿಗೆ ಜಾಗ ಉಳಿದಿರಲಿಲ್ಲ. ‘ಸುಟ್ವಿ,’ ಎಂದ. ‘ಊರ ಹೊರಗ. ಎಲ್ಲಾರ ಸಂಗಾಟ.’

ಕೂಗುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವನು ಕಾದ. ತೂರಲು ಅಲ್ಲಿ ಮಣ್ಣಾದರೂ ಎಲ್ಲಿತ್ತು? ಅವಳು ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದವನನ್ನು ವಿಚಾರಿಸುವ ಹಾಗೆ ಒಂದೊಂದೇ ಕೇಳತೊಡಗಿದಳು.

‘ಮಳಿ ಇತ್ತಲ್ಲ. ಹತ್ತಿತೇನು?’

‘ಹತ್ತಿತು. ನಮ್ಮ ತಲಬಾಗಿಲ ತಂದು ಹಾಕಿದ್ದೆ. ಸಾಗವಾನಿ.’

‘ಲಿಂಗ?’

‘ಕೊರಳಾಗೇ ಇತ್ತು.’

‘ಬಾಜೂಕ ಯಾರಿದ್ರು?’

ಅವನು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ದಿನಾ ಕಣ್ಣೆದುರು ಇದ್ದದ್ದೇ. ‘ಒಂದ ಕಡಿ ರಂಭಾಬಾಯಿ. ಒಂದ ಕಡಿ ಆಕಿ ಸೊಸಿ, ಕೂಸು. ಮುಂದ ವೈಜಿನಾಥನ ಇಡೀ ಮನಿ. ನಮ್ಮ ಓಣಿ ಎಲ್ಲಾ ಅಲ್ಲೇ ಇತ್ತು.’

‘ರಂಭಾಬಾಯಿ,’ ಎಂದಳು ಚಂಪಾಬಾಯಿ. ಪಕ್ಕದ ಮನೆಯ ಆ ಮುದುಕಿಯ ಮಡಿಲಲ್ಲೇ ಚಂದ್ರಿ ಅರ್ಧ ಬೆಳೆದವಳು. ಈಗ ಚಂಪಾಬಾಯಿಯ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

‘ಆಕಿಗಿ ಒಬ್ಬಾಕಿಗೇ ಹಿತ್ತಲಕ ಹೋಗ್ಲಾಕ ಅಂಜಿಕಿ ಬರ್ತಿತ್ತು, ನಿಮಗ ನೆಪ್ಪದ ಇಲ್ಲೋ. ಇಪ್ಪತ್ನಾಕ ವರ್ಷಾತು. ಮಳಿ ಬಂದ್ರ, ಗುಡುಗು ಹಾಕಿದ್ರ, ಆಕಿ ಗುಡ್ಡದ ಮ್ಯಾಲ ಒಬ್ಬಾಕೇ ಕೂತಾಳ ಅಂತ ನಾ ಕಣ್ಣ ಮುಚ್ಚಿಲ್ಲ. ನಿಮ್ಮ ಬಾಜೂಕೇ ಮಲಗಿರ್ತಿದ್ದೆ. ಆಕಿ ಓಣಿ ಮಂದಿ ಸಂಗಾಟ ಹೋಗ್ಯಾಳ ಅಂತ ಒಂದ ಮಾತ ಹೇಳಿದ್ರ ನಾ ಎಂದೋ ಮಲಗತಿದ್ದೆ.’

ಹೆಂಡತಿ ಬದುಕಲಿ ಎಂದು ಹೇಳಿದ ಸುಳ್ಳು ಅವಳನ್ನು ಇಷ್ಟು ವರ್ಷ ತಿಂದಿತ್ತು. ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದವನಿಗೆ ಅದು ತಿಳಿದಿರಲಿಲ್ಲ. ಶಿವರಾಯ ಅವಳ ಕಾಲು ಹಿಡಿಯಲು ಕೈ ಚಾಚಿದ. ಅವಳು ಕಾಲು ಸರಿಸಿಕೊಳ್ಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಮಠದ ಕಟ್ಟೆಯಿಂದ ಮೀನಲ, ಸೂರ್ಯ ಇಳಿಯುವುದನ್ನು ನೋಡಲು ಬನ್ನಿ ಎಂದು ಕೈಬೀಸಿ ಕರೆಯುತ್ತಿದ್ದಳು.

‘ನಾ ಸತ್ತರ ನನಗ ಮಣ್ಣಾಗ ಇಡಬ್ಯಾಡ್ರಿ,’ ಎಂದಳು ಚಂಪಾಬಾಯಿ. ‘ಸುಡ್ರಿ. ಊರ ಹೊರಗ, ಅದೇ ಜಾಗಾದಾಗ.’

‘ಏನ್ ಮಾತಾಡ್ತಿ ಚಂಪಾ? ನಮ್ಮ ಮಂದಿ ಒಪ್ಪತಾರೇನು? ಅಯ್ಯನವರು ಮನಿ ಹೊಸ್ತಿಲ ತುಳೀತಾರೇನು?’

‘ಅವತ್ತ ಒಪ್ಪಿದ್ರಲ್ಲ.’

ಅವನು ತಲೆ ತಗ್ಗಿಸಿದ. ತೀರ ಸಣ್ಣ ದನಿಯಲ್ಲಿ, ‘ಮತ್ತ ನನಗ?’ ಎಂದ.

ಚಂಪಾಬಾಯಿ ಯೋಚಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಾಳೆಯ ಅಡುಗೆ ಏನೆಂದು ಹೇಳುವಷ್ಟೇ ಸಹಜವಾಗಿತ್ತು.

‘ನೀವು ಪದ್ಧತಿ ಪ್ರಕಾರ ಮಣ್ಣಾಗೇ ಹೋಗ್ರಿ,’ ಎಂದಳು. ‘ಒಬ್ಬರೇ ಇದ್ದು ನೋಡ್ರಿ, ಹೆಂಗಿರ್ತದಂತ.’